ಮುದ್ದೆ ಅಗಿದ ಭಾನುವಾರ

ಈಚೆಗೆ ಊಟದ ಹೊತ್ತಿನಲ್ಲಿ ನನ್ನ ಹೆಂಡತಿ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಗಂಟಲು ನೋಡಿ ಮಾತಾಡುತ್ತಾಳೆ. ತುತ್ತು ಬಾಯಿಗೆ ಹೋದದ್ದೇ ತಡ, ಅವಳ ಕಣ್ಣು ನನ್ನ ಗದ್ದದ ಕೆಳಗೆ ಬಂದು ಕೂರುತ್ತದೆ. "ಇಳೀತಾ?" ಎಂದು ಕೇಳುತ್ತಾಳೆ. ಇಳೀತು ಎಂದರೆ ನಂಬುವ ಹೆಂಗಸಲ್ಲ. "ಎಲ್ಲಿವರೆಗೆ?" ಎನ್ನುತ್ತಾಳೆ. ನಾನು ಆಫೀಸಿನಿಂದ ಹೊರಟಾಗ ಫೋನು ಮಾಡಿ, ಲೋಕಲ್ ಟ್ರೇನು ಎಲ್ಲಿಗೆ ಬಂತು, ಮಾಹಿಮ್ ದಾಟಿತಾ ಎಂದು ವಿಚಾರಿಸುವ ಧಾಟಿಯೇ ಇದು. ನೀವೇ ಹೇಳಿ, ಹೀಗೆ ಕಾವಲು ಕೂತರೆ ಸಲೀಸಾಗಿ ಇಳಿಯುವ ಅನ್ನಕ್ಕೂ ನಾಚಿಕೆಯಾಗುವುದಿಲ್ಲವೇ?

ಅವಳನ್ನೂ ದೂರುವಂತಿಲ್ಲ. ಅಷ್ಟು ಮಾಡಿಟ್ಟಿದ್ದೇನೆ ನಾನು.

ಇದರ ಮೂಲ ಹುಡುಕುತ್ತಾ ಹೋದರೆ ಮಂಡ್ಯದ ಕಡೆಯ ನಮ್ಮ ಹಳ್ಳಿಯ ಅಡುಗೆಮನೆಗೇ ಹೋಗಬೇಕು. ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ನಮ್ಮಲ್ಲಿ ಹಲ್ಲು ಬರುವ ಮೊದಲೇ ಕಲಿಸುವ ಪಾಠ. ನಮ್ಮಜ್ಜಿ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿ ಒಬ್ಬೊಬ್ಬರ ತಟ್ಟೆಗೂ ಇಡುತ್ತಿದ್ದಳು. ಬಿಸಿ ಮುದ್ದೆಯ ಮೇಲೆ ಅವಳ ಬೆರಳ ಗುರುತು ಮೂಡಿರುತ್ತಿತ್ತು. ಅದನ್ನು ಮುರಿದು, ಉಂಡೆ ಮಾಡಿ, ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿದ ಮೇಲೆ ದವಡೆ ಅಲ್ಲಾಡಿದ್ದು ಅವಳಿಗೆ ಬೆನ್ನು ತಿರುಗಿಸಿ ಕೂತಿದ್ದರೂ ಗೊತ್ತಾಗುತ್ತಿತ್ತು.

"ಏನ್ಲಾ ಅದು, ಎಮ್ಮೆ ಮೆಲುಕ್ ಆಕ್ದಂಗೆ? ಅಗೀಬ್ಯಾಡ ಕಣ್ಲಾ, ಗುಳುಕ್ ಅಂತ ನುಂಗು!"

ಬೆಂಗಳೂರಿನಿಂದ ಬೇಸಿಗೆ ರಜೆಗೆ ಬಂದಿದ್ದ ನಮ್ಮ ಚಿಕ್ಕಪ್ಪನ ಮಗ ಒಮ್ಮೆ ಪಾಪ, ತಿಳಿಯದೆ ಮುದ್ದೆಯನ್ನು ಅಗಿದುಬಿಟ್ಟ. ಅದು ಅವನ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮೆತ್ತಿಕೊಂಡು, ಬಾಯಿ ಬಿಡಲೂ ಆಗದೆ ಮುಚ್ಚಲೂ ಆಗದೆ ಕಣ್ಣು ಕಣ್ಣು ಬಿಟ್ಟ. ಪಂಕ್ತಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕು, ನೋಡು ಹೀಗೆ ಎಂದು ಅವನ ಮುಂದೆ ಕೋಳಿಮೊಟ್ಟೆ ಗಾತ್ರದ ತುತ್ತನ್ನು ನುಂಗಿ ತೋರಿಸಿದೆ. ಅಜ್ಜಿ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. ಓದಿನಲ್ಲಿ, ಆಟದಲ್ಲಿ ನನಗೆ ಅಂಥ ಮರ್ಯಾದೆ ಎಂದೂ ಸಿಕ್ಕಿದ್ದಿಲ್ಲ.

ಮುದ್ದೆಗೆ ಸರಿ, ಆದರೆ ನಾನು ಆ ವಿದ್ಯೆಯನ್ನು ಅಲ್ಲಿಗೇ ಬಿಡಲಿಲ್ಲ. ಇಡ್ಲಿಯನ್ನು ನುಂಗಿದೆ. ಚಪಾತಿಯನ್ನು ಮಡಿಸಿ ನುಂಗಿದೆ. ಮುಂಬಯಿಗೆ ಬಂದ ಮೇಲಂತೂ ಕೇಳಬೇಡಿ, ಈ ಊರೇ ನನ್ನ ಪಕ್ಷಕ್ಕೆ ನಿಂತಿತು. ಇಲ್ಲಿ ಪುರುಸೊತ್ತಾಗಿ ಉಣ್ಣುವವನನ್ನು ಜನ ಕೆಲಸವಿಲ್ಲದವನು ಎಂದುಕೊಳ್ಳುತ್ತಾರೆ. ವಡಾಲದಿಂದ ಅಂಧೇರಿಯ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ನಿಂತೇ ತಿಂಡಿ ಮುಗಿಸಿದ್ದೇನೆ. ಸೊಂಟನೋವಿಗೆ ಮಾತ್ರೆ ಶುರುವಾದ ಮೇಲೆ ಅದನ್ನೂ ಅಲ್ಲೇ ನುಂಗುತ್ತಿದ್ದೆ. ಆ ನೂಕುನುಗ್ಗಲಿನಲ್ಲಿ ಬ್ಯಾಗಿನಿಂದ ನೀರಿನ ಬಾಟಲಿ ತೆಗೆಯಲು ಕೈ ಮಡಚುವಷ್ಟು ಜಾಗ ಎಲ್ಲಿರುತ್ತದೆ? ಎಂಜಲು ನುಂಗಿದರೆ ಅದರ ಜೊತೆ ಮಾತ್ರೆಯೂ ಹೋಗುತ್ತದೆ ಎಂದು ಸಹಪ್ರಯಾಣಿಕರಿಗೆ ಉಪದೇಶ ಬೇರೆ ಕೊಟ್ಟಿದ್ದೇನೆ.

ನಿಜ ಹೇಳಬೇಕೆಂದರೆ ನನಗೆ ಹೆಣ್ಣು ಸಿಕ್ಕಿದ್ದೂ ಇದೇ ಗುಣದಿಂದ. ನನ್ನ ಹೆಂಡತಿ ಸುಗುಣ ಮಾಟುಂಗದಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯವರ ಮಗಳು. ಬ್ರಹ್ಮಚಾರಿಯಾಗಿದ್ದಾಗ ನನ್ನ ಊಟ ಅಲ್ಲೇ. ಗಲ್ಲಾದ ಹಿಂದೆ ಕೂತಿರುತ್ತಿದ್ದ ನನ್ನ ಮಾವ ನನ್ನನ್ನು ಬಹಳ ದಿನ ಗಮನಿಸಿದರಂತೆ. "ಒಳ್ಳೆ ಹುಡುಗ ಮಾರಾಯ್ತಿ. ಕೂತದ್ದು ಗೊತ್ತಾಗುದಿಲ್ಲ, ಎದ್ದದ್ದು ಗೊತ್ತಾಗುದಿಲ್ಲ, ಟೇಬಲ್ ಖಾಲಿ!" ಎಂದು ಮನೆಯಲ್ಲಿ ಅತ್ತೆಯ ಹತ್ತಿರ ಹೊಗಳಿದ್ದರು. ಊಟದ ಹೊತ್ತಿನಲ್ಲಿ ಜನ ಸಾಲುಗಟ್ಟಿ ನಿಲ್ಲುವ ಹೋಟೆಲಿನ ಯಜಮಾನನಿಗೆ ಅಳಿಯನಲ್ಲಿ ಇದಕ್ಕಿಂತ ದೊಡ್ಡ ಗುಣ ಬೇಕೆ?

ಮದುವೆಯಾದಾಗ ಸುಗುಣ ಮುದ್ದೆಯನ್ನು ಕಣ್ಣಿನಿಂದಲೂ ಕಂಡವಳಲ್ಲ. ನಮ್ಮಮ್ಮ ಊರಿನಿಂದ ಹಿಟ್ಟು, ಮುದ್ದೆ ತೊಳಸುವ ಕೋಲು ಎರಡನ್ನೂ ಹೊತ್ತು ಬಂದು, ವಡಾಲದ ನಮ್ಮ ಚಿಕ್ಕ ಅಡುಗೆಮನೆಯಲ್ಲಿ ಸೊಸೆಯನ್ನು ನಿಲ್ಲಿಸಿಕೊಂಡು ಕಲಿಸಿದಳು. ಮೊದಮೊದಲು ಗಂಟುಗಂಟಾಯಿತು, ಆಮೇಲೆ ಗಂಜಿಯಾಯಿತು, ಕೈ ಸುಟ್ಟುಕೊಂಡಳು, ಅತ್ತಳು. ಕಡೆಗೊಂದು ದಿನ ದುಂಡಗೆ, ನುಣ್ಣಗೆ, ಹೊಳೆಯುವ ಮುದ್ದೆ ತಟ್ಟೆಗೆ ಬಂತು. ಅಲ್ಲಿಂದ ಭಾನುವಾರ ಎಂದರೆ ನಮ್ಮನೆಯಲ್ಲಿ ಮುದ್ದೆ. ಅವಳು ಅದನ್ನು ಹೇಗೆ ತಿನ್ನುತ್ತಿದ್ದಳೋ ನಾನು ನೋಡಿದವನಲ್ಲ. ಅವಳು ತಟ್ಟೆ ಹಾಕಿಕೊಂಡು ಕೂರುವಷ್ಟರಲ್ಲಿ ನನ್ನದು ಮುಗಿದು ಕೈ ತೊಳೆದಾಗಿರುತ್ತಿತ್ತು.

ಹೀಗೆ ಸುಖವಾಗಿದ್ದವನಿಗೆ ಕಳೆದ ವರ್ಷ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ತುಂಡು ಚಪಾತಿ ಎದುರು ನಿಂತಿತು. ಗಂಟಲಲ್ಲಲ್ಲ, ಅದಕ್ಕಿಂತ ಕೆಳಗೆ. ಎದೆಮೂಳೆಯ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಉಸಿರಾಟಕ್ಕೇನೂ ತೊಂದರೆಯಿಲ್ಲ, ಮಾತೂ ಬರುತ್ತದೆ, ಆದರೆ ಹೋದದ್ದು ಮುಂದಕ್ಕೆ ಹೋಗುವುದಿಲ್ಲ. ನೀರು ಕುಡಿದೆ, ನೀರೂ ಅದರ ಮೇಲೆ ನಿಂತಿತು. ಎದ್ದು ಎರಡು ಸುತ್ತು ನಡೆದಾಗ ಪುಣ್ಯಕ್ಕೆ ಜಾರಿತು. ಒಣಚಪಾತಿ ಎಂದುಕೊಂಡು ಸುಮ್ಮನಾದೆ. ಮುಂದಿನ ವಾರ ಬ್ರೆಡ್ಡು. ಆಮೇಲೆ ಮೆತ್ತನೆಯ ಅನ್ನ.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಡಾಕ್ಟರ ಹತ್ತಿರ ಹೋಗುತ್ತಾನೆ. ನಾನು ಫೋನಿನಲ್ಲಿ ಹುಡುಕಿದೆ. ಅನ್ನನಾಳದಲ್ಲಿ ಆಹಾರ ಸಿಕ್ಕಿಕೊಳ್ಳಲು ಕಾರಣಗಳು ಒಂದೇ ಎರಡೇ! ಅವಸರದ ಊಟ ಎಂದಿತ್ತು, ನಕ್ಕೆ. ಬಹುಕಾಲದ ಹುಳಿತೇಗಿನಿಂದ ನಾಳ ಸುಟ್ಟು ಕಿರಿದಾಗುವುದು ಎಂದಿತ್ತು. ನೀರಿಲ್ಲದೆ ನುಂಗಿದ ಮಾತ್ರೆ ಅಲ್ಲೇ ಅಂಟಿ ಹುಣ್ಣು ಮಾಡುವುದು ಎಂದಿತ್ತು, ಸ್ವಲ್ಪ ಗಂಭೀರನಾದೆ. ಹಲ್ಲಿಲ್ಲದವರು, ನಾಳದ ಸ್ನಾಯು ಸೋತವರು, ಅಲರ್ಜಿಯವರು ಎಂದೆಲ್ಲ ಓದುತ್ತಾ ಕೆಳಗಿಳಿದರೆ ಕಡೆಯ ಸಾಲಿನಲ್ಲಿ ಆ ಒಂದು ಕಾಯಿಲೆಯ ಹೆಸರಿತ್ತು. ಫೋನು ಮುಚ್ಚಿಟ್ಟೆ. ಆ ಪುಟವನ್ನು ಮತ್ತೆ ತೆಗೆಯಲಿಲ್ಲ.

ನಮ್ಮ ಬಿಲ್ಡಿಂಗಿನ ಗುಪ್ತೆ ಕಾಕಾ ಹೀಗೇ, ಊಟ ಇಳೀತಿಲ್ಲ ಎನ್ನುತ್ತಾ ಲಿಫ್ಟಿನಲ್ಲಿ ಸಿಗುತ್ತಿದ್ದರು. ಆ ಮಳೆಗಾಲ ಮುಗಿಯುವುದರೊಳಗೆ ಅವರೂ ಮುಗಿದಿದ್ದರು. ಅದಕ್ಕೇ ನಾನು ಯಾರಿಗೂ ಹೇಳಲಿಲ್ಲ. ಭಯವಾಗಿತ್ತು ಕಣ್ರೀ, ಮುಚ್ಚುಮರೆ ಏಕೆ? ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ, ಹೇಳದಿದ್ದರೆ ಬಂದ ದಾರಿಯಲ್ಲೇ ಹೋಗಿಬಿಡುತ್ತದೆ ಎಂಬ ಹುಚ್ಚು ನಂಬಿಕೆ.

ಆದರೆ ಮುಂಬಯಿಯ ಫ್ಲ್ಯಾಟಿನಲ್ಲಿ ಕಾಯಿಲೆ ಬಚ್ಚಿಡುವುದು ಸುಲಭವೆಂದು ತಿಳಿಯಬೇಡಿ. ಇರುವ ಜಾಗದಲ್ಲಿ ಗಂಡ, ಹೆಂಡತಿ, ಮಗಳು ಮೂವರೂ ಒಬ್ಬರ ಕಾಲು ಇನ್ನೊಬ್ಬರು ತುಳಿದುಕೊಂಡಿರುತ್ತೇವೆ. ತುತ್ತು ನಿಂತಿತೆಂದರೆ ಫೋನು ಬಂದವನಂತೆ ಕಿವಿಗೆ ಹಚ್ಚಿಕೊಂಡು, ವಾಷಿಂಗ್ ಮಶೀನ್ ಇಟ್ಟಿರುವ ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಓಡುತ್ತಿದ್ದೆ. ಅಲ್ಲಿ ನಿಂತು ಇಲ್ಲದ ಸಾಹೇಬನಿಗೆ "ಹಾಂ ಸರ್, ಹಾಂ ಸರ್" ಎನ್ನುತ್ತಾ ಎದೆ ನೀವಿಕೊಳ್ಳುತ್ತಿದ್ದೆ.

"ಪಪ್ಪಾ, ನಿಂಗೆ ಸಂಡೇ ಕೂಡ ಬಾಸ್ ಕಾಲ್ ಮಾಡ್ತಾನಾ? ಟೂ ಮಚ್ ಯಾ," ಎಂದು ಮಗಳು ಅನಘಾ ಮರುಗುತ್ತಿದ್ದಳು. ನನ್ನ ಸಾಹೇಬ ಅಷ್ಟು ಕೆಟ್ಟವನಲ್ಲ. ಅವನ ಹೆಸರು ನಮ್ಮನೆಯಲ್ಲಿ ಕೆಟ್ಟದ್ದು ಹೀಗೆ.

ಮುದ್ದೆಯ ವಿಷಯದಲ್ಲಿ ಮಾತ್ರ ಫೋನಿನ ಉಪಾಯ ನಡೆಯುವಂತಿರಲಿಲ್ಲ. ಅದನ್ನು ನೋಡಿದರೇ ಎದೆ ಝಲ್ಲೆನ್ನುತ್ತಿತ್ತು. ಅಗಿದು ತಿಂದರಾಯಿತಲ್ಲ ಎನ್ನುತ್ತೀರಿ. ನಿಮಗೇನು, ಹೇಳುತ್ತೀರಿ. ನನಗೆ ಆ ಯೋಚನೆಯೇ ಬರಲಿಲ್ಲ. ಮುದ್ದೆಯನ್ನು ಅಗಿಯಬಹುದು ಎಂಬುದು ನನ್ನ ತಲೆಯಲ್ಲಿ ಇರಲೇ ಇಲ್ಲ. ಹಾಗಾಗಿ ಒಂದು ಭಾನುವಾರ "ಇವತ್ತು ಮುದ್ದೆ ಬೇಡ, ಮೊಸರನ್ನ ಸಾಕು" ಎಂದೆ. ಮುಂದಿನ ಭಾನುವಾರವೂ ಬೇಡವೆಂದೆ. ಅದರಾಚೆಯದೂ ಹಾಗೇ ಹೋಯಿತು.

"ಎಂತ, ಗಟ್ಟಿಯಾಯ್ತಾ?" ಎಂದು ಕೇಳಿದಳು ಸುಗುಣ.

"ಇಲ್ಲ ಮಾರಾಯ್ತಿ, ಹಸಿವಿಲ್ಲ."

"ಹಿಟ್ಟು ಬೇರೆ ಅಂಗಡಿಯದ್ದು ತರ್ಲಾ?"

"ಬೇಡ ಅಂದ್ನಲ್ಲ, ಬಿಡೇ!"

ಸ್ವಲ್ಪ ಗಡುಸಾಗಿಯೇ ಅಂದೆನೆಂದು ಕಾಣುತ್ತದೆ. ಅವಳು ಮುದ್ದೆ ಕೋಲು ತೊಳೆದು ಒರೆಸಿ ಅಟ್ಟಕ್ಕೆ ಹಾಕಿದಳು.

ಆಮೇಲಿನ ಒಂದು ಭಾನುವಾರ ಬೆಳಗ್ಗೆ ಸ್ನಾನ ಮುಗಿಸಿ ಬರುತ್ತಿದ್ದೆ. ಅಡುಗೆಮನೆಯಲ್ಲಿ ಸುಗುಣ ದನಿ ತಗ್ಗಿಸಿ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಮಂಡ್ಯದಲ್ಲಿರುವ ನಮ್ಮಕ್ಕ.

"ಅತ್ತಿಗೆ, ನೀರು ಎಷ್ಟು ಇಡ್ಬೇಕು, ಹಿಟ್ಟು ಎಷ್ಟು, ಇನ್ನೊಂದ್ಸಲ ಸರಿಯಾಗಿ ಹೇಳಿ. ಅತ್ತೆ ಹೇಳಿಕೊಟ್ಟದ್ದನ್ನು ನಾನು ಎಲ್ಲೋ ಮರೆತಿದ್ದೇನೆ ಅಂತ ಕಾಣ್ತದೆ... ಇಲ್ಲ, ಅವರು ಏನೂ ಹೇಳುದಿಲ್ಲ. ಆದ್ರೆ ನನ್ನ ಮುದ್ದೆ ಅವರಿಗೆ ಈಗ ಹಿಡಿಸುದಿಲ್ಲ... ಇಷ್ಟು ವರ್ಷ ಆದ್ಮೇಲೆ ಹೀಗೆ ಆದ್ರೆ ಬೇಜಾರಾಗ್ತದಲ್ವಾ?"

ಹೆಗಲ ಮೇಲಿನ ಟವೆಲು ಹಾಗೇ ಹಿಡಿದು ನಿಂತೆ. ಕಾಯಿಲೆ ನನ್ನೊಳಗೆ ಮಾತ್ರ ಇದೆ ಎಂದುಕೊಂಡಿದ್ದೆ. ಅದು ಅಡುಗೆಮನೆಗೂ ಹೋಗಿ ಕೂತಿತ್ತು. ಆ ಕ್ಷಣವೇ ಒಳಗೆ ಹೋಗಿ ವಿಷಯ ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಹೇಳಿದ್ದೇನು ಗೊತ್ತೇ?

"ಸುಗುಣಾ, ಇವತ್ತು ಮುದ್ದೆ ಮಾಡೇ. ಬಾಯಿ ಚಪಲ ಆಗಿದೆ."

ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಸ್ಟೂಲು ಹಾಕಿ ಕೋಲು ಇಳಿಸಿದಳು. ಮಧ್ಯಾಹ್ನ ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ, ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ತುಪ್ಪ. ಬಡಿಸಿ ಎದುರಿಗೇ ಕೂತಳು. ನಾನು ಒಂದು ತುತ್ತು ಮುರಿದೆ. ಚಿಕ್ಕದು ಮುರಿದರೆ ಅವಳಿಗೆ ಅನುಮಾನ ಬರುತ್ತದೆಂದು ಹಳೆಯ ಗಾತ್ರವನ್ನೇ ಮುರಿದೆ. ಅದ್ದಿದೆ, ಮನಸ್ಸಿನಲ್ಲೇ ದೇವರನ್ನು ನೆನೆದೆ, ನುಂಗಿದೆ.

ಅದು ಎದೆಯ ನಡುವೆ ಹೋಗಿ ಬೀಗ ಹಾಕಿಕೊಂಡಿತು. ಈ ಸಲ ನೀರೂ ಇಲ್ಲ, ಎಂಜಲೂ ಇಲ್ಲ, ಎಲ್ಲವೂ ವಾಪಸು ಬಾಯಿಗೇ ಬಂತು. ಫೋನು ತೆಗೆದುಕೊಂಡು ಗ್ಯಾಲರಿಗೆ ಹೋಗಲು ಎದ್ದೆ, ಎದ್ದವನು ಅಲ್ಲೇ ಗೋಡೆ ಹಿಡಿದುಕೊಂಡೆ.

"ಅಯ್ಯೋ ದೇವ್ರೇ, ನೆತ್ತಿಗೆ ಹತ್ತಿತಾ?" ಎಂದು ಸುಗುಣ ಓಡಿಬಂದು ನನ್ನ ತಲೆಯ ಮೇಲೆ ಪಟಪಟ ಬಡಿದಳು. ತಲೆ ಅಲ್ಲ, ಎದೆ ಎಂದು ಸನ್ನೆ ಮಾಡಿದೆ. ಕೂಡಲೇ ಅನ್ನದ ಪಾತ್ರೆಗೆ ಕೈ ಹಾಕಿ ಒಂದು ಉಂಡೆ ಮಾಡಿದಳು. ಮೀನಿನ ಮುಳ್ಳು ಸಿಕ್ಕಿಕೊಂಡವರಿಗೆ ಅವರ ಊರಿನಲ್ಲಿ ಒಣ ಅನ್ನದ ಉಂಡೆ ನುಂಗಿಸುತ್ತಾರಂತೆ, ಅದು ಮುಳ್ಳನ್ನು ದಬ್ಬಿಕೊಂಡು ಹೋಗುತ್ತದಂತೆ. "ಇದನ್ನು ನುಂಗಿ, ಅದನ್ನು ನೂಕ್ತದೆ!"

"ಮಮ್ಮಾ ನೋ! ಮೇಲಿಂದ ಮತ್ತೆ ಹಾಕಿದ್ರೆ ಇನ್ನೂ ಬ್ಲಾಕ್ ಆಗ್ತದೆ!" ಎಂದು ಅನಘಾ ಚೀರಿದಳು. ಆ ಅನ್ನದ ಉಂಡೆಯಿಂದ ನನ್ನನ್ನು ಉಳಿಸಿದವಳು ನನ್ನ ಮಗಳು.

ಕೆಳಗಿಳಿದು ಟ್ಯಾಕ್ಸಿ ಹಿಡಿದೆವು. ಟ್ಯಾಕ್ಸಿಯವನೂ ಕನ್ನಡಿಯಲ್ಲಿ ನನ್ನ ಅವಸ್ಥೆ ನೋಡಿ, "ಭಾಭೀಜೀ, ಸೋಡಾ ಪಿಲಾವ್, ಸಬ್ ನೀಚೇ" ಎಂದು, ಸೋಡಾ ಕುಡಿಸಿದರೆ ಎಲ್ಲ ಇಳಿಯುತ್ತದೆಂದು ತನ್ನ ಪಾಲಿನ ವೈದ್ಯ ಹೇಳಿದ. ನಾನು ಅನಘಾಳ ಹಳೆಯ ಟಿಫಿನ್ ಡಬ್ಬಿಯಲ್ಲಿ ಎಂಜಲು ಉಗಿಯುತ್ತಾ ಕೂತಿದ್ದೆ. ಸುಗುಣ ನನ್ನ ಬೆನ್ನು ನೀವುತ್ತಾ ಒಂದೇ ಮಾತನ್ನು ಹೇಳುತ್ತಿದ್ದಳು. "ನಾನೇ ಗಟ್ಟಿ ಮಾಡಿದೆ. ನಾನೇ ಗಟ್ಟಿ ಮಾಡಿದೆ." ಅಲ್ಲವೆಂದು ಹೇಳಲು ನನಗೆ ಬಾಯಿಲ್ಲ, ಬಾಯಿ ತುಂಬ ನೀರು. ಬರಿದೆ ತಲೆಯಾಡಿಸಿದೆ. ಅವಳು ಅದನ್ನು ಹೌದು ಎಂದು ತಿಳಿದುಕೊಂಡಳೋ ಏನೋ, ಇನ್ನಷ್ಟು ಅತ್ತಳು.

ಆಸ್ಪತ್ರೆಯಲ್ಲಿ ಮರಾಠಿ ಹೆಂಗಸೊಬ್ಬರು ಡಾಕ್ಟರು. ಗಂಟಲಿಗೆ ಏನೋ ಕಹಿ ಸಿಂಪಡಿಸಿ, ಕ್ಯಾಮೆರಾದ ಕೊಳವೆ ಇಳಿಸಿ, ಬಹಳ ಹೊತ್ತು ಹೆಣಗಾಡಿ ಚೂರುಚೂರಾಗಿ ಮುದ್ದೆಯನ್ನು ಸರಿಸಿದರು. ಆಮೇಲೆ ಸುಗುಣಳನ್ನು ಒಳಗೆ ಕರೆದು, ಹುಬ್ಬು ಗಂಟಿಕ್ಕಿ, "ಯೇ ಥಾ ಕ್ಯಾ?" ಎಂದು, ಸಿಕ್ಕಿಕೊಂಡಿದ್ದದ್ದು ಏನೆಂದು ಕೇಳಿದರು.

"ನಾಚನಿ ಕಾ ಗೋಲಾ, ಡಾಕ್ಟರ್," ಎಂದಳು ಸುಗುಣ. ಇಲ್ಲಿ ರಾಗಿಗೆ ನಾಚನಿ ಎನ್ನುತ್ತಾರೆ, ಗೋಲಾ ಎಂದರೆ ಉಂಡೆ.

"ಇತನಾ ಬಡಾ? ಚಬಾಯಾ ನಹೀ?" ಇಷ್ಟು ದೊಡ್ಡದೇ, ಅಗಿಯಲಿಲ್ಲವೇ ಎಂದು ಡಾಕ್ಟರು ನನ್ನ ಕಡೆ ತಿರುಗಿದರು.

ನಾನು ಒಡೆದ ದನಿಯಲ್ಲಿ, "ಚಬಾನಾ ಮನಾ ಹೈ" ಎಂದೆ. ಅಗಿಯುವ ಹಾಗಿಲ್ಲ.

"ಕಿಸ್‌ನೇ ಮನಾ ಕಿಯಾ?" ಬೇಡವೆಂದವರು ಯಾರು?

"ದಾದೀ ನೇ," ಎಂದೆ. ನಮ್ಮಜ್ಜಿ.

ಡಾಕ್ಟರು ಕೈಗವಸು ಕಳಚುತ್ತಿದ್ದವರು ನಿಂತರು. ನರ್ಸು ಆ ಕಡೆ ತಿರುಗಿಕೊಂಡಳು, ಅವಳ ಭುಜ ಕುಲುಕುತ್ತಿತ್ತು. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತೆಂದು ಸುಗುಣ ವಿನಯದಿಂದ ತಿಳಿಸಿದಳು. "ತೋ ಅಬ್ ಮೇರೀ ಸುನೋ" ಎಂದರು ಡಾಕ್ಟರು. ಇನ್ನು ಮೇಲೆ ನನ್ನ ಮಾತು ಕೇಳಬೇಕು. ನಾಳ ಒಂದು ಕಡೆ ಕಿರಿದಾಗಿದೆ, ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇನೆ, ವರದಿ ಬಂದ ಮೇಲೆ ಮಾತಾಡೋಣ ಎಂದರು. ಆ ಕಡೆಯ ಮಾತು ಹೇಳುವಾಗ ಅವರ ಮುಖದಲ್ಲಿ ನಗುವಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ಸುಗುಣಳಿಗೆ ಎಲ್ಲವನ್ನೂ ಹೇಳಿದೆ. ಕ್ಯಾಂಟೀನಿನ ಚಪಾತಿ, ಗ್ಯಾಲರಿಯ ಸುಳ್ಳು ಫೋನು, ಗುಪ್ತೆ ಕಾಕಾ ಎಲ್ಲವನ್ನೂ. ಅವಳು ಕೇಳುತ್ತಾ ಕೇಳುತ್ತಾ ಕೆಂಪಾದಳು.

"ನಾನು ನನ್ನ ಮುದ್ದೆ ಹಾಳಾಯ್ತು ಅಂತ ಮಂಡ್ಯಕ್ಕೆ ಫೋನ್ ಮಾಡಿದೆ. ನಿಮಗೆ ಹೆದರಿಕೆ ಆಗ್ತದೆ ಅಂತ ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೇ? ನಾನು ಎಂತಕ್ಕೆ ಇರುದು?"

"ನೀನೂ ಹೆದರ್ತೀಯ ಅಂತ..."

"ಹೆದರುದಾದ್ರೆ ಇಬ್ರೂ ಕೂತು ಹೆದರುವ. ಒಬ್ರೇ ಗ್ಯಾಲರಿಯಲ್ಲಿ ನಿಂತು ಹೆದರುದು ಯಾವ ಕ್ರಮ?"

ವರದಿ ಬರುವವರೆಗಿನ ದಿನಗಳಲ್ಲಿ ನಾವು ಹಾಗೇ ಮಾಡಿದೆವು, ಇಬ್ಬರೂ ಕೂತು ಹೆದರಿದೆವು. ಅವಳು ಬೇಳೆ ಕಟ್ಟು ಸೋಸಿ ಕೊಡುತ್ತಿದ್ದಳು, ಗಂಜಿ ಸೋಸಿ ಕೊಡುತ್ತಿದ್ದಳು. ನಾನು ಕುಡಿಯುತ್ತಿದ್ದೆ. ಬಾಲ್ಯದ ಕತೆಗಳನ್ನು ಹೇಳಿಕೊಂಡೆವು. ಅವಳ ಅಪ್ಪ ನನ್ನನ್ನು ಟೇಬಲ್ ಖಾಲಿ ಹುಡುಗ ಎಂದು ಕರೆಯುತ್ತಿದ್ದುದನ್ನು ನೆನೆದು ನಕ್ಕೆವು, ನಗು ಅರ್ಧಕ್ಕೇ ನಿಂತು ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು. ಹೆದರಿಕೆ ಕಡಿಮೆಯೇನೂ ಆಗಲಿಲ್ಲ. ಆದರೆ ಗ್ಯಾಲರಿಗೆ ಓಡುವ ಕೆಲಸ ತಪ್ಪಿತು.

ವರದಿಯಲ್ಲಿ ಆ ಕಾಯಿಲೆ ಇರಲಿಲ್ಲ. ವರ್ಷಗಟ್ಟಲೆ ಹುಳಿ ಮೇಲಕ್ಕೆ ಬಂದು ಸುಟ್ಟ ಗಾಯ, ಒಣಗಿ ಉಂಗುರದಂತೆ ಬಿಗಿದಿತ್ತು. ನನ್ನ ಲೋಕಲ್ ಮಾತ್ರೆಗಳೂ ಅದಕ್ಕೆ ಸಹಾಯ ಮಾಡಿದ್ದವು. ಡಾಕ್ಟರು ಬಲೂನು ಇಳಿಸಿ ನಾಳವನ್ನು ಹಿಗ್ಗಿಸಿದರು. ಹುಳಿಗೆ ಔಷಧಿ ಕೊಟ್ಟರು. ಮಾತ್ರೆಯನ್ನು ಕೂತು, ಲೋಟ ತುಂಬ ನೀರಿನ ಜೊತೆ ನುಂಗಬೇಕೆಂದರು. ಏನೇ ತಿಂದರೂ, ಅದು ಇಡ್ಲಿಯೇ ಆಗಲಿ, ಅಗಿದೇ ನುಂಗಬೇಕೆಂದರು. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಸುಗುಣ ನನ್ನ ಕೈ ಹಿಡಿದುಕೊಂಡಿದ್ದಳು, ಮಗಳು ಮುಂದಿನ ಸೀಟಿನಲ್ಲಿದ್ದಳೆಂಬ ಸಂಕೋಚವೂ ಇಲ್ಲದೆ.

ಕೆಲವು ವಾರಗಳ ಮೇಲೊಂದು ಭಾನುವಾರ ಡಾಕ್ಟರ ಅನುಮತಿ ಪಡೆದು ಮತ್ತೆ ಮುದ್ದೆ ಮಾಡಿದಳು. ನಿಂಬೆಹಣ್ಣಿನಷ್ಟು ಚಿಕ್ಕದು, ಮೆತ್ತಗೆ. ನಾನು ಕಡಲೆಕಾಳಿನಷ್ಟು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟೆ. ಬಾಯಿಗಿಟ್ಟವನು ಹಾಗೇ ಕೂತೆ. ದವಡೆ ಏಳಲೊಲ್ಲದು. ಅಜ್ಜಿ ಎಲ್ಲೋ ಹಿಂದೆ ನಿಂತಿದ್ದಾಳೆ ಎನ್ನಿಸಿತು.

"ಅಗಿರಿ," ಎಂದಳು ಸುಗುಣ.

ಅಗಿದೆ. ಹಲ್ಲಿಗೆ ಮೆತ್ತಿತು, ನಾಲಗೆಯಿಂದ ಬಿಡಿಸಿಕೊಂಡೆ, ಮತ್ತೆ ಅಗಿದೆ. ಸಾರಿನ ಖಾರ ಹೋಯಿತು, ತುಪ್ಪ ಹೋಯಿತು, ಅದರಾಚೆಗೆ ಸುಟ್ಟ ಮಣ್ಣಿನಂಥ ರಾಗಿಯ ರುಚಿ. ಇದು ಹೀಗಿರುತ್ತದೆಯೇ ಎಂದು ಬೆರಗಾದೆ. ಅದರ ಬೆನ್ನಿಗೇ ಇನ್ನೊಂದು ಏನೋ ಸಿಹಿಯಾಗಿ, ನುಣುಪಾಗಿ ಬಂತು. ಇದು ನಮ್ಮ ಕಡೆಯ ಮುದ್ದೆಯಲ್ಲಿ ಇರುವಂಥದ್ದಲ್ಲ.

"ಇದೇನೇ, ಇದಕ್ಕೆ ತೆಂಗಿನೆಣ್ಣೆ ಹಾಕಿದೀಯಾ? ಸುಲಭವಾಗಿ ಇಳೀಲಿ ಅಂತ ಈ ಸಲ ಹೊಸದಾಗಿ ಹಾಕಿದೆಯಾ?"

ಸೌಟು ಹಿಡಿದಿದ್ದ ಸುಗುಣ ನನ್ನನ್ನು ನೋಡಿದಳು. ಅನಘಾ ತಟ್ಟೆಯಿಂದ ತಲೆಯೆತ್ತಿ, "ಪಪ್ಪಾ, ಕೋಕೋನಟ್‌ದು ಟೇಸ್ಟ್ ಆಲ್ವೇಸ್ ಇರ್ತದಲ್ಲ?" ಎಂದಳು.

"ಹೊಸತು ಎಂತದು," ಎಂದಳು ಸುಗುಣ. "ಮದುವೆಯಾದ ವರ್ಷದಿಂದ ಹಾಕ್ತೇನೆ. ಒಂದು ಚಮಚ. ನಮ್ಮ ಮನೆಯ ರುಚಿ ನಿಮ್ಮ ಮುದ್ದೆಯಲ್ಲಿ ಸ್ವಲ್ಪ ಇರಲಿ ಅಂತ."

"ಮತ್ತೆ ಒಂದು ದಿನವೂ ಹೇಳಲಿಲ್ವಲ್ಲೇ!"

"ನೀವೇ ಒಂದು ದಿನ ಕೇಳ್ತೀರಿ ಅಂತ ಕಾದೆ." ಅವಳು ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು. "ಆಮೇಲೆ ಕಾಯುದು ಬಿಟ್ಟೆ. ಹಾಕುದು ಬಿಡ್ಲಿಲ್ಲ."

ನಾನು ಇನ್ನೊಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು, ಆದಷ್ಟು ನಿಧಾನವಾಗಿ ಅಗಿಯತೊಡಗಿದೆ.